ಜಾಮೀನು ಆಗ್ಯಾದ, ಮಗ ಮನಿಗಿ ಬಂದಿಲ್ಲ: ಪರಊರಿನ ಕೇಸಿಗೆ ನಮ್ಮೂರಿನ ನಿಗಾ ಸಾಲದೇ?

  ಕೇಳೋದಕ್ಕಿಂತ ಓದೋದೇ ಅನುಕೂಲ ಅನ್ನುವವರಿಗಾಗಿ, ಎಂದಿನಂತೆ ಈ ಕಂತಿನ ಬರಹ ರೂಪ ಇಲ್ಲಿದೆ.

ಇವತ್ತಿನ ಮಾತು ನಮ್ಮ ಮನೆಯಿಂದಲೇ ಶುರು ಮಾಡ್ತೀನಿ. ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಕಾಕಾ ಇದ್ದಾರೆ. ಅವರ ಮಗ, ಅಂದ್ರೆ ನನಗೆ ತಮ್ಮ ಆಗಬೇಕು, ಮಹಾರಾಷ್ಟ್ರದ ಒಂದು ನಗರಕ್ಕೆ ಸೆಂಟ್ರಿಂಗ್ ಕೆಲಸಕ್ಕೆ ಅಂತ ಗುಳೆ ಹೋಗಿದ್ದ. ಅಲ್ಲಿ ಕಟ್ಟಡದ ಸೈಟಿನಿಂದ ಕಬ್ಬಿಣದ ಸಳಿ ಕಳುವಾಯಿತು ಅಂತ ದೂರು ಆಯ್ತು. ಪೊಲೀಸರು ಏಳು ಜನ ಕೂಲಿಗಳನ್ನು ಹಿಡಿದರು, ಅವರಲ್ಲಿ ಇವನೂ ಒಬ್ಬ. ತಪ್ಪು ಮಾಡಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಸು ಇನ್ನೂ ನಡೀತಾ ಇದೆ, ಅದನ್ನು ಕೋರ್ಟ್ ಹೇಳಬೇಕು. ನಾನು ಹೇಳಬೇಕಾಗಿರೋದು ಬೇರೆ.

ಹನ್ನೆರಡನೇ ದಿನಕ್ಕೆ ಅವನಿಗೆ ಜಾಮೀನು ಸಿಕ್ಕಿತು. ಆದರೆ ಅವನು ಜೈಲಿನಿಂದ ಹೊರಗೆ ಬಂದದ್ದು ಐವತ್ಮೂರನೇ ದಿನಕ್ಕೆ.

ನಡುವಿನ ನಲವತ್ತೊಂದು ದಿನ ಏನಾಯ್ತು? ಆ ಊರಿನವರೇ ಆದ ಒಬ್ಬ ಜಾಮೀನುದಾರ ಬೇಕು ಅಂದರು. ಕಾಕಾ ಎರಡು ಎಕರೆ ಹೊಲದ ಪಹಣಿ, ರೇಷನ್ ಕಾರ್ಡ್, ಆಧಾರ್ ಎಲ್ಲಾ ಕೈಚೀಲದಲ್ಲಿ ಹಾಕಿಕೊಂಡು ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋಗಿದ್ದರು. ಪಹಣಿ ಕನ್ನಡದಲ್ಲಿದೆ, ಹೊಲ ಬೇರೆ ರಾಜ್ಯದಲ್ಲಿದೆ, ನಡೆಯಲ್ಲ ಅಂದರು. ಕೋರ್ಟಿನ ಗೇಟಿನ ಹತ್ತಿರ ಒಬ್ಬ ಬಂದು, ಹದಿನೈದು ಸಾವಿರ ಕೊಡಿ, ಜಾಮೀನುದಾರನನ್ನ ನಾನು ನಿಲ್ಲಿಸ್ತೀನಿ ಅಂದನಂತೆ. ಆ ರಾತ್ರಿ ಕಾಕಾ ನನಗೆ ಫೋನ್ ಮಾಡಿದರು. "ಜಾಮೀನು ಆಗ್ಯಾದ ಅಂತಾರ. ಮಗ ಮಾತ್ರ ಮನಿಗಿ ಬಂದಿಲ್ಲ. ಹಂಗಾದ್ರ ಆಗಿದ್ದೇನಪಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ, ವಕೀಲರನ್ನು ಕೇಳಿ ತಿಳಕೊಂಡಿದ್ದನ್ನೇ ಇವತ್ತು ನಿಮ್ಮ ಮುಂದೆ ಇಡ್ತಾ ಇದ್ದೀನಿ. ಯಾಕಂದ್ರೆ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಅಂತ ದುಡಿಯಲಿಕ್ಕೆ ಹೋದವರು ಇಲ್ಲದ ಓಣಿ ಹುಡುಕಿದರೂ ಸಿಗಲ್ಲ. ಈ ಫೋನು ಯಾರ ಮನೆಗಾದರೂ ಬರಬಹುದು.

ಮೊದಲು ಒಂದು ಮೂಲ ಪ್ರಶ್ನೆ. ಜಾಮೀನು ಯಾತಕ್ಕೆ? ಆರೋಪಿ ವಿಚಾರಣೆಗೆ ಬರಬೇಕು, ಸಾಕ್ಷಿ ಕೆಡಿಸಬಾರದು, ಇನ್ನೊಂದು ಅಪರಾಧ ಮಾಡಬಾರದು. ಇಷ್ಟೇ. ಅದು ಶಿಕ್ಷೆಯಲ್ಲ. ಶಿಕ್ಷೆ ತೀರ್ಪಿನ ಮೇಲೆ ಬರೋದು. ಆದರೆ ನಮ್ಮ ಜೈಲುಗಳ ಲೆಕ್ಕ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ನಾಲ್ಕರಲ್ಲಿ ಮೂರು ಪಾಲು ಜನರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ.

ಮನುಷ್ಯನನ್ನು ಮರಳಿ ಕೋರ್ಟಿಗೆ ಎಳೆದು ತರುವ ಹಗ್ಗ ಯಾವುದು ಅಂತ ಯೋಚಿಸಿ. ಗೊತ್ತಿಲ್ಲದ ಊರಿನಲ್ಲಿ ಹದಿನೈದು ಸಾವಿರಕ್ಕೆ ಸಿಗುವ ಬಾಡಿಗೆ ಜಾಮೀನುದಾರನೋ, ಅಥವಾ ಊರಿನಲ್ಲಿರುವ ಅವ್ವ, ಹೊಲ, ರೇಷನ್ ಕಾರ್ಡ್, ಹೆಸರು ಹಿಡಿದು ಕರೆಯುವ ಬೀಟ್ ಪೊಲೀಸೋ? ನನ್ನ ಪ್ರಕಾರ ಎರಡನೆಯದೇ ಗಟ್ಟಿ ಹಗ್ಗ. ಹಾಗಾದರೆ ಆರೋಪಿ ತನ್ನ ಊರಿನಲ್ಲೇ, ಅಲ್ಲಿನ ಠಾಣೆಯ ನಿಗಾದಲ್ಲಿ ಇದ್ದು, ಕರೆದಾಗ ದೂರದ ಕೋರ್ಟಿಗೆ ಹೋಗಿ ನಿಲ್ಲಬಹುದಲ್ಲವೇ?

ಇದು ನನ್ನ ಕನಸಲ್ಲ. ಯುರೋಪಿನಲ್ಲಿ ಇದಕ್ಕೊಂದು ಕಾನೂನೇ ಇದೆ. ಅಲ್ಲೂ ಇದೇ ತೊಂದರೆ ಇತ್ತು. ಒಂದು ದೇಶದವನು ಇನ್ನೊಂದು ದೇಶದಲ್ಲಿ ಸಿಕ್ಕಿಬಿದ್ದರೆ, 'ಇವನು ಇಲ್ಲಿಯವನಲ್ಲ, ಬಿಟ್ಟರೆ ಓಡಿ ಹೋಗ್ತಾನೆ' ಅಂತ ಒಳಗಿಡುತ್ತಿದ್ದರು. ಅದೇ ಆರೋಪದ ಸ್ಥಳೀಯ ಮನೆಗೆ ಹೋಗುತ್ತಿದ್ದ. 2009ರಲ್ಲಿ ಬ್ರಿಟನ್ನಿನ ಒಬ್ಬ ವಿದ್ಯಾರ್ಥಿಯನ್ನು ಗ್ರೀಸ್‌ಗೆ ಒಪ್ಪಿಸಿದರು. ಅವನು ಹನ್ನೊಂದು ತಿಂಗಳು ಅಲ್ಲಿನ ಜೈಲಿನಲ್ಲಿದ್ದ. ಕೊನೆಗೆ 2011ರಲ್ಲಿ ನಿರಪರಾಧಿ ಅಂತ ತೀರ್ಪು ಬಂತು. ಆ ಹನ್ನೊಂದು ತಿಂಗಳನ್ನು ಯಾರು ವಾಪಸ್ ಕೊಡ್ತಾರೆ?

ಯುರೋಪಿಯನ್ ಒಕ್ಕೂಟ 2009ರ ಅಕ್ಟೋಬರ್ 23ರಂದು ಒಂದು ಚೌಕಟ್ಟು ನಿರ್ಣಯ ಮಾಡಿತು. ಸದಸ್ಯ ದೇಶಗಳು 2012ರ ಡಿಸೆಂಬರ್ 1ರೊಳಗೆ ಅದನ್ನು ಜಾರಿಗೆ ತರಬೇಕಿತ್ತು. ಅದರ ಕೆಲಸ ಹೀಗೆ. ಕೇಸು ನಡೆಸುವ ದೇಶ ಷರತ್ತುಗಳನ್ನು ಬರೆದು ಆರೋಪಿಯ ತಾಯ್ನಾಡಿಗೆ ಕಳಿಸುತ್ತೆ. ಇಂಥ ವಿಳಾಸದಲ್ಲೇ ಇರಬೇಕು, ಇಂಥ ದಿನ ಠಾಣೆಗೆ ಹಾಜರಾಗಬೇಕು, ಇಂಥವರನ್ನು ಸಂಪರ್ಕಿಸಬಾರದು, ದೇಶ ಬಿಡಬಾರದು ಅಂತ. ತಾಯ್ನಾಡು ಸಾಮಾನ್ಯವಾಗಿ 20 ಕೆಲಸದ ದಿನಗಳೊಳಗೆ ಅದನ್ನು ಒಪ್ಪುವುದೋ ಬಿಡುವುದೋ ಹೇಳಬೇಕು. ಒಪ್ಪಿದ ಮೇಲೆ ನಿಗಾ ಇಡುವುದು ತಾಯ್ನಾಡಿನ ಹೊಣೆ. ಷರತ್ತು ಮುರಿದರೆ ಸುದ್ದಿ ಕಳಿಸಬೇಕು, ಆಗ ಕೇಸಿನ ದೇಶ ಅವನನ್ನು ಹಿಡಿದು ವಾಪಸ್ ಕಳಿಸಿ ಅಂತ ಕೇಳಬಹುದು. ಒಂದು ಮಾತು ಒಪ್ಪಿಕೊಳ್ಳಬೇಕು: ಕಾನೂನು ಇದ್ದರೂ ಅಲ್ಲಿ ಅದರ ಬಳಕೆ ಕಡಿಮೆ. ಎಷ್ಟೋ ವಕೀಲರಿಗೆ, ನ್ಯಾಯಾಧೀಶರಿಗೆ ಅದು ಇದೆ ಅನ್ನೋದೇ ನೆನಪಾಗಲ್ಲ.

ಭಾರತದಲ್ಲಿ ಹೀಗೆ ಆಗಿದೆಯಾ? ಆಗಿದೆ. ಅದೂ ಕೊಲೆ ಆರೋಪದಲ್ಲಿ.

2012ರ ಫೆಬ್ರುವರಿ 15. ಕೇರಳದ ಕಡಲಿನಾಚೆ 'ಎನ್ರಿಕಾ ಲೆಕ್ಸಿ' ಅನ್ನುವ ಇಟಲಿಯ ಹಡಗಿನಿಂದ ಗುಂಡು ಹಾರಿ ಇಬ್ಬರು ಮೀನುಗಾರರು ಸತ್ತರು. ಇಟಲಿ ನೌಕಾಪಡೆಯ ಇಬ್ಬರ ಬಂಧನ ಆಯ್ತು. 2013ರಲ್ಲಿ, ಅವರ ದೇಶದ ಚುನಾವಣೆಯಲ್ಲಿ ಮತ ಹಾಕಿ ಬರಲಿ ಅಂತ ಸುಪ್ರೀಂ ಕೋರ್ಟ್ ನಾಲ್ಕು ವಾರ ಇಟಲಿಗೆ ಹೋಗಲು ಬಿಟ್ಟಿತು. ಇಟಲಿಯ ರಾಯಭಾರಿ ಮಾತು ಕೊಟ್ಟಿದ್ದರು. ಆದರೆ ಮಾರ್ಚ್‌ನಲ್ಲಿ ಇಟಲಿ, ಅವರನ್ನು ವಾಪಸ್ ಕಳಿಸಲ್ಲ ಅಂದುಬಿಟ್ಟಿತು. ದೊಡ್ಡ ಗಲಾಟೆ ಆಯ್ತು, ರಾಯಭಾರಿ ಭಾರತ ಬಿಟ್ಟು ಹೋಗಬಾರದು ಅಂತ ಕೋರ್ಟ್ ತಡೆಯಿತು. ಆಮೇಲೆ ಅವರಿಬ್ಬರೂ ಬಂದರು. 2014ರಲ್ಲಿ ಒಬ್ಬರಿಗೆ ಚಿಕಿತ್ಸೆಗಾಗಿ ಹೋಗಲು ಅನುಮತಿ ಸಿಕ್ಕಿತು. 2016ರ ಮೇ 26ರಂದು ಇನ್ನೊಬ್ಬರಿಗೂ ಇಟಲಿಗೆ ಹೋಗಲು ಸುಪ್ರೀಂ ಕೋರ್ಟ್ ಬಿಟ್ಟಿತು. ಷರತ್ತು ಏನು? ತಿಂಗಳಿಗೊಮ್ಮೆ ಅಲ್ಲಿನ ಪೊಲೀಸ್ ಠಾಣೆಯಲ್ಲಿ ಹಾಜರಿ, ಪಾಸ್‌ಪೋರ್ಟ್ ಒಪ್ಪಿಸಬೇಕು, ಬೇಕಾದಾಗ ವಾಪಸ್ ಕರೆತರುತ್ತೇವೆ ಅಂತ ರಾಯಭಾರಿಯ ಮುಚ್ಚಳಿಕೆ.

ಗಮನಿಸಿ. ಸಾವಿರಾರು ಕಿಲೋಮೀಟರ್ ಆಚೆಯ ಠಾಣೆಯ ಹಾಜರಿಯನ್ನು ನಮ್ಮ ದೇಶದ ಅತಿ ದೊಡ್ಡ ಕೋರ್ಟು ಒಪ್ಪಿಕೊಂಡಿತು. ಹಾಗಿದ್ದ ಮೇಲೆ ಶಹಾಪುರ ಠಾಣೆಯ ಹಾಜರಿಯನ್ನು ಪಕ್ಕದ ರಾಜ್ಯದ ಕೋರ್ಟು ಯಾಕೆ ಒಪ್ಪಬಾರದು?

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಆ ಮೀನುಗಾರರ ಮನೆಯವರ ಜಾಗದಲ್ಲಿ ನಿಂತು ನೋಡಿ. ವಿಷಯ ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಹೋಯ್ತು. 2020ರಲ್ಲಿ, ಆ ಇಬ್ಬರಿಗೂ ಭಾರತದ ಕೋರ್ಟುಗಳಿಂದ ವಿನಾಯಿತಿ ಇದೆ ಅಂತ ನಿರ್ಣಯ ಬಂತು. 2021ರ ಜೂನ್‌ನಲ್ಲಿ 10 ಕೋಟಿ ರೂಪಾಯಿ ಪರಿಹಾರದೊಂದಿಗೆ ಸುಪ್ರೀಂ ಕೋರ್ಟ್ ಇಲ್ಲಿನ ಕೇಸು ಮುಗಿಸಿತು. ಭಾರತದಲ್ಲಿ ವಿಚಾರಣೆ ಪೂರ್ತಿ ಆಗಲೇ ಇಲ್ಲ. ದೂರುದಾರರಿಗೆ ಇರುವ ಭಯ ಇದೇ: ಊರಿಗೆ ಹೋದವನು ಮರಳಿ ಬರ್ತಾನಾ? ಈ ಭಯವನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಅದು ಎರಡು ದೇಶಗಳ ನಡುವಿನ ಮಾತು. ಶಹಾಪುರಕ್ಕೂ ಪುಣೆಗೂ ಒಂದೇ ಸಂವಿಧಾನ, ಒಂದೇ ಸುಪ್ರೀಂ ಕೋರ್ಟು, ಒಂದೇ ಕ್ರಿಮಿನಲ್ ಕಾನೂನು. ಒಂದು ಕೋರ್ಟು ಹೊರಡಿಸಿದ ವಾರಂಟು ದೇಶದ ಯಾವ ಮೂಲೆಯಲ್ಲಾದರೂ ನಡೆಯುತ್ತೆ. ವಾರಂಟಿಗೆ ಇಲ್ಲದ ಗಡಿ ಜಾಮೀನುದಾರನಿಗೆ ಯಾಕೆ?

ಈ ಪ್ರಶ್ನೆಯನ್ನು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1978ರಲ್ಲೇ ಕೇಳಿದ್ದರು. ಮೋತಿರಾಮ್ ಪ್ರಕರಣ ಅಂತ ಅದಕ್ಕೆ ಹೆಸರು. ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸಗಾರ. ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟ್ 10,000 ರೂಪಾಯಿಯ ಜಾಮೀನುದಾರ ಬೇಕು ಅಂದರು. ಅಣ್ಣತಮ್ಮಂದಿರಲ್ಲೊಬ್ಬ ನಿಂತರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ತಿರಸ್ಕರಿಸಿದರು. ಆತ ಮತ್ತೆ ಸುಪ್ರೀಂ ಕೋರ್ಟಿಗೇ ಹೋಗಬೇಕಾಯ್ತು. ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ಕೇಳಿದ ಮಾತಿನ ಸಾರ ಇದು: ಒಬ್ಬ ಮಲಯಾಳಿಯೋ, ಕನ್ನಡಿಗನೋ, ತಮಿಳನೋ, ತೆಲುಗಿನವನೋ ಬಸ್ತರ್‌ನಲ್ಲಿ ಅಥವಾ ದಿಲ್ಲಿಯ ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದರೆ, ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು? ಹೀಗೆ ಕೇಳುವುದು ದೇಶದ ಏಕತೆಯನ್ನೇ ಮುರಿಯುವ ಕೆಲಸ, ಬೇರೆ ಭಾಷೆಯ ಕಾಗದ ಅಂತ ತಳ್ಳುವುದೂ ಸರಿಯಲ್ಲ ಅಂತ ಬರೆದರು. 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಅವನನ್ನು ಬಿಡಿ ಅಂದರು. ನಮ್ಮ ಕಾಕಾನ ಪಹಣಿಯ ಪ್ರಶ್ನೆಗೆ ನಾಲ್ಕು ದಶಕಕ್ಕೂ ಹಿಂದೆಯೇ ಉತ್ತರ ಬರೆದಿಟ್ಟಾಗಿತ್ತು. ಅದು ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಆಮೇಲೂ ಕೆಲವು ಮುಖ್ಯ ಆದೇಶಗಳು ಬಂದಿವೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇಮೇಲ್ ಮೂಲಕ ಜೈಲಿಗೆ ಕಳಿಸಬೇಕು. ಜಾಮೀನು ಸಿಕ್ಕ ಏಳು ದಿನದೊಳಗೆ ಬಿಡುಗಡೆ ಆಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ, ಷರತ್ತು ಸಡಿಲಿಸಬೇಕೇ ಅಂತ ಕೋರ್ಟು ತಾನಾಗಿಯೇ ನೋಡಬಹುದು. ಸ್ಥಳೀಯ ಜಾಮೀನುದಾರನೇ ಬೇಕು ಅನ್ನುವ ಹಟದಿಂದ ಬಿಡುಗಡೆ ತಡವಾಗುತ್ತಿದೆ, ಅಂಥ ಕಡೆ ಆ ಷರತ್ತು ಹಾಕದಿರುವುದು ಒಳ್ಳೆಯದು ಅಂತಲೂ ಕೋರ್ಟು ಸೂಚಿಸಿದೆ.

2024ರ ಆಗಸ್ಟ್‌ನಲ್ಲಿ ಇನ್ನೊಂದು ತೀರ್ಪು ಬಂತು. ಒಬ್ಬನ ಮೇಲೆ ಹಲವು ರಾಜ್ಯಗಳಲ್ಲಿ 13 ಕೇಸು. ಎಲ್ಲದರಲ್ಲೂ ಜಾಮೀನು ಸಿಕ್ಕಿತ್ತು, ಆದರೆ ಅಷ್ಟೊಂದು ಜಾಮೀನುದಾರರು ಎಲ್ಲಿಂದ ಬರಬೇಕು? ಜಾಮೀನು ನಿಲ್ಲುವವನು ಹೆಚ್ಚಾಗಿ ಹತ್ತಿರದ ಸಂಬಂಧಿಕ ಅಥವಾ ಹಳೆಯ ಗೆಳೆಯ ಅನ್ನುವ ವಾಸ್ತವವನ್ನು ಕೋರ್ಟು ಒಪ್ಪಿ, ಅದೇ ಜಾಮೀನುದಾರರು ಎಲ್ಲಾ ರಾಜ್ಯಗಳಲ್ಲೂ ನಡೆಯುತ್ತಾರೆ ಅಂತ ಹೇಳಿತು.

ಈಗ ನಿಗಾ ವಿಷಯ. ನಮ್ಮ ತಮ್ಮ ಹೊರಗೆ ಬಂದ ಮೇಲೂ ಒಂದು ಷರತ್ತು ಇತ್ತು. ಎರಡು ತಿಂಗಳು ಪ್ರತಿ ಸೋಮವಾರ ಆ ನಗರದ ಠಾಣೆಯಲ್ಲಿ ಸಹಿ ಹಾಕಬೇಕು. ಕೆಲಸ ಹೋಗಿದೆ, ಶೆಡ್ಡು ಖಾಲಿ ಮಾಡಿಸಿದ್ದಾರೆ. ಅಲ್ಲೇ ಇರಬೇಕು ಅಂದ್ರೆ ಜಾಗ ಇಲ್ಲ, ಊರಿಂದ ಹೋಗಿಬರಬೇಕು ಅಂದ್ರೆ ವಾರಕ್ಕೆ ಮೂರು ದಿನದ ಕೂಲಿ ಹೋಗುತ್ತೆ. ಇಂಥ ಕಡೆ, ಹಾಜರಿಯನ್ನು ನಮ್ಮೂರಿನ ಠಾಣೆಯಲ್ಲಿ ಹಾಕಲು ಬಿಡಿ ಅಂತ ಅರ್ಜಿ ಹಾಕಬಹುದು. ಷರತ್ತು ಹಾಕುವ ಕೋರ್ಟಿಗೇ ಅದನ್ನು ಬದಲಿಸುವ ಅಧಿಕಾರವೂ ಇದೆ. ನಾವು ಕೇಳಲಿಲ್ಲ, ಕೇಳಬಹುದು ಅಂತ ಯಾರೂ ಹೇಳಲೂ ಇಲ್ಲ. ಎಂಟು ಸೋಮವಾರ ಹೋಗಿಬರಲು ಕಾಕಾ ಮಾಡಿದ ಸಾಲ ಇನ್ನೂ ತೀರಿಲ್ಲ.

ನಿಗಾ ಅಂದರೆ ಮನುಷ್ಯನ ಹಿಂದೆ ಕ್ಯಾಮೆರಾ ಹಿಡಿದು ಓಡಾಡೋದಲ್ಲ. ನೈಜೀರಿಯಾದ ಒಬ್ಬ ಆರೋಪಿಗೆ, ಫೋನಿನ ಗೂಗಲ್ ಮ್ಯಾಪ್‌ನಲ್ಲಿ ತಾನಿರುವ ಜಾಗವನ್ನು ತನಿಖಾಧಿಕಾರಿಗೆ ಸದಾ ಕಾಣುವಂತೆ ಇಡಬೇಕು ಅಂತ ಷರತ್ತು ಹಾಕಿದ್ದರು. 2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಜಾಮೀನಿನ ಮೇಲಿರುವವನ ಪ್ರತಿ ಹೆಜ್ಜೆ ಪೊಲೀಸರಿಗೆ ಗೊತ್ತಾಗುವಂಥ ಷರತ್ತು ಖಾಸಗಿತನದ ಹಕ್ಕಿಗೆ ವಿರುದ್ಧ ಅಂತ ಹೇಳಿತು. ಠಾಣೆಗೆ ಹೋಗಿ ಸಹಿ ಹಾಕೋದು ಬೇರೆ, ಹಗಲು ರಾತ್ರಿ ಕಣ್ಣಿಡೋದು ಬೇರೆ.

ಇನ್ನೊಂದು ಸಂದರ್ಭ. ನೀವು ಸುರಪುರದಲ್ಲೇ ಇದ್ದೀರಿ, ಕೇಸು ಬೇರೆ ರಾಜ್ಯದಲ್ಲಿ ದಾಖಲಾಗಿದೆ, ಪೊಲೀಸರು ಬಂದು ಕರೆದೊಯ್ಯುತ್ತಾರೆ ಅನ್ನುವ ಭಯ ಇದೆ. 2023ರ ನವೆಂಬರ್ 20ರಂದು, ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಕೇಸು ಬೇರೆ ರಾಜ್ಯದ್ದಾದರೂ, ನ್ಯಾಯದ ದೃಷ್ಟಿಯಿಂದ ಅಗತ್ಯ ಅನಿಸಿದರೆ, ಇಲ್ಲಿನ ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟ್ ಸೀಮಿತ ಅವಧಿಯ ನಿರೀಕ್ಷಣಾ ಜಾಮೀನು ಕೊಡಬಹುದು. ಅಂದರೆ ನಮ್ಮವರು ಯಾದಗಿರಿಯ ಸೆಷನ್ಸ್ ಕೋರ್ಟನ್ನು, ಇಲ್ಲವೇ ಹೈಕೋರ್ಟಿನ ಕಲಬುರಗಿ ಪೀಠವನ್ನು ಕೇಳಬಹುದು. ಇದು ಪೂರ್ತಿ ಜಾಮೀನಲ್ಲ. ಅಲ್ಲಿನ ಕೋರ್ಟಿಗೆ ಹೋಗಿ ಕೇಳಿಕೊಳ್ಳುವಷ್ಟು ಸಮಯ, ಅಷ್ಟೇ. ನೇರವಾಗಿ ಅಲ್ಲಿಗೇ ಯಾಕೆ ಹೋಗಲಾಗಲಿಲ್ಲ ಅನ್ನೋದಕ್ಕೆ ಕಾರಣವನ್ನೂ ಕೊಡಬೇಕು.

ವಿದೇಶದಲ್ಲಿ ಇರುವವರ ಬಗ್ಗೆಯೂ ಕೇಳುಗರು ಕೇಳ್ತಾರೆ. ಗಲ್ಫ್‌ನಲ್ಲಿ ಕೆಲಸ ಮಾಡುವ ನಮ್ಮವನ ಮೇಲೆ ಕೇಸಾದರೆ ಊರಿನಲ್ಲಿ ಕಾಯಬಹುದಾ? ಅಂಥ ವ್ಯವಸ್ಥೆ ಭಾರತಕ್ಕಿಲ್ಲ. ನಮ್ಮಲ್ಲಿ ಇರೋದು 2003ರ ಕೈದಿಗಳ ವಾಪಸಾತಿ ಕಾಯ್ದೆ. ಅದು ಶಿಕ್ಷೆ ಆದವರಿಗೆ ಮಾತ್ರ. ಒಪ್ಪಂದ ಇರುವ ದೇಶಗಳಿಂದ ಉಳಿದ ಶಿಕ್ಷೆಯನ್ನು ಇಲ್ಲಿ ಬಂದು ಅನುಭವಿಸಬಹುದು. ವಿಚಿತ್ರ ನೋಡಿ, ಅಪರಾಧಿ ಅಂತ ಆದವನಿಗೆ ಊರಿಗೆ ಬರುವ ದಾರಿ ಇದೆ, ಆರೋಪ ಮಾತ್ರ ಇರುವವನಿಗೆ ಇಲ್ಲ. ಅವನ ಮನೆಯವರು ರಾಯಭಾರ ಕಚೇರಿಗೆ ತಿಳಿಸಬೇಕು. ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ಸರಿ, ಇಂಥ ಫೋನು ನಿಮ್ಮ ಮನೆಗೆ ಬಂದರೆ ಏನು ಮಾಡಬೇಕು?

ಮೊದಲನೇದು, ಯಾವ ಠಾಣೆ, ಎಫ್‌ಐಆರ್ ನಂಬರ್ ಏನು, ಯಾವ ಕೋರ್ಟು, ಇಷ್ಟು ಬರೆದುಕೊಳ್ಳಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟರೆ ಎಫ್‌ಐಆರ್ ಆಯಾ ಪೊಲೀಸರ ವೆಬ್‌ಸೈಟಿನಲ್ಲಿ ಸಿಗಬೇಕು.

ಎರಡನೇದು, 15100ಕ್ಕೆ ಫೋನ್ ಮಾಡಿ. ಅದು ಉಚಿತ ಕಾನೂನು ನೆರವಿನ ಸಹಾಯವಾಣಿ. ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ಹಕ್ಕಿದೆ. ಕೇಸು ನಡೆಯುವ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಸಿಗ್ತಾರೆ.

ಮೂರನೇದು, ಜಾಮೀನು ಅರ್ಜಿಯಲ್ಲೇ ಊರಿನ ಬೇರನ್ನು ತೋರಿಸಿ. ಆಧಾರ್, ರೇಷನ್ ಕಾರ್ಡ್, ಪಹಣಿ, ಮಕ್ಕಳ ಶಾಲೆಯ ದಾಖಲೆ, ಏನಿದೆಯೋ ಅದು. ಪಹಣಿಯ ಅನುವಾದ ಜೊತೆಗಿದ್ದರೆ ಒಳ್ಳೆಯದು. ಊರಿನ ಜಾಮೀನುದಾರನನ್ನು ಒಪ್ಪಿ, ಹಾಜರಿಯನ್ನು ಊರಿನ ಠಾಣೆಯಲ್ಲಿ ಇಡಿ, ದಾಖಲೆಗಳನ್ನು ನಮ್ಮ ತಹಶೀಲ್ದಾರರಿಂದ ಅಥವಾ ಠಾಣೆಯಿಂದ ಪರಿಶೀಲಿಸಿಕೊಳ್ಳಿ ಅಂತ ಬಾಯಿಬಿಟ್ಟು ಕೇಳಿ. ಕೇಳದೆ ಕೊಡುವುದು ಅಪರೂಪ.

ನಾಲ್ಕನೇದು, ದಿನ ಎಣಿಸಿ. ಏಳು ದಿನ ಆಯ್ತಾ, ಪ್ರಾಧಿಕಾರಕ್ಕೆ ತಿಳಿಸಿ. ತಿಂಗಳಾಯ್ತಾ, ಷರತ್ತು ಸಡಿಲಿಸಿ ಅಂತ ಅರ್ಜಿ ಹಾಕಿಸಿ. ಹಣವೇ ಅಡ್ಡಿಯಾದರೆ, ಬಡ ಕೈದಿಗಳಿಗೆ ನೆರವಾಗಲು ಕೇಂದ್ರ ಸರ್ಕಾರ 2023ರಲ್ಲಿ ಒಂದು ಯೋಜನೆ ತಂದಿದೆ. ಶುರುವಿನಲ್ಲಿ ವಿಚಾರಣಾಧೀನರಿಗೆ ಅದರ ಮಿತಿ 40,000 ರೂಪಾಯಿ ಇತ್ತು. ಜೊತೆಗೆ 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನ 479ನೇ ಕಲಮು ನೆನಪಿರಲಿ. ಮೊದಲ ಸಲದ ಆರೋಪಿ, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗೆ ಕಳೆದಿದ್ದರೆ ಅವನನ್ನು ಬಾಂಡ್ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿಯಂಥ ಶಿಕ್ಷೆ ಇರುವ ಆರೋಪಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೆ ಇದು ಅನ್ವಯಿಸಲ್ಲ.

ಐದನೇದು, ಇದೇ ಎಲ್ಲಕ್ಕಿಂತ ಮುಖ್ಯ: ತಾರೀಖು ತಪ್ಪಿಸಬೇಡಿ. ಬರಲು ಆಗದಿದ್ದರೆ ವಕೀಲರ ಮೂಲಕ ಮೊದಲೇ ವಿನಾಯಿತಿ ಕೇಳಿ, ವಿಡಿಯೊ ಮೂಲಕ ಹಾಜರಾಗಲು ಬಿಡಿ ಅಂತ ಕೇಳಿ. ಸುಮ್ಮನೆ ಕೂತರೆ ವಾರಂಟು ಬರುತ್ತೆ, ಜಾಮೀನು ನಿಂತವನ ಹಣ ಹೋಗುತ್ತೆ. ಜಾಮೀನಿನ ಮೇಲಿದ್ದು ಸಕಾರಣವಿಲ್ಲದೆ ಹಾಜರಾಗದಿರುವುದೇ ಬೇರೆ ಅಪರಾಧ, ಒಂದು ವರ್ಷದವರೆಗೆ ಶಿಕ್ಷೆ ಇದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಒಬ್ಬ ತಪ್ಪಿಸಿಕೊಂಡರೆ, ಅವನ ಹಿಂದೆ ಬರುವ ಯಾದಗಿರಿಯ ಮುಂದಿನ ಹುಡುಗನಿಗೆ 'ಈ ಕಡೆಯವರು ವಾಪಸ್ ಬರಲ್ಲ' ಅನ್ನುವ ಮಾತು ಅಡ್ಡ ನಿಲ್ಲುತ್ತೆ.

ಎಲ್ಲಾ ಕೇಸಿಗೂ ಊರೇ ಸರಿ ಅಂತ ನಾನು ಹೇಳ್ತಿಲ್ಲ. ದೂರುದಾರರು, ಸಾಕ್ಷಿಗಳು ಅದೇ ಊರಿನವರಾಗಿದ್ದರೆ ಆರೋಪಿ ಅಲ್ಲಿಗೆ ಬರುವುದೇ ಅಪಾಯ. ಒಂದೇ ಹಳ್ಳಿಯಿಂದ ಹೋದ ಮೇಸ್ತ್ರಿಯ ಮೇಲೆ ಕೂಲಿಯವಳು ದೂರು ಕೊಟ್ಟಿದ್ದರೆ, ಅವಳ ಮನೆ ಮುಂದೆ ಅವನು ಓಡಾಡುವುದು ನ್ಯಾಯವಲ್ಲ. ಅದನ್ನು ನೋಡಿ ತೂಗುವುದಕ್ಕೇ ಕೋರ್ಟು ಇರೋದು. ಆದರೆ ತೂಗಿ ನೋಡಿ, ಜಾಮೀನು ಕೊಡಬಹುದು ಅಂತ ತೀರ್ಮಾನಿಸಿದ ಮೇಲೂ ಪಹಣಿ ಯಾವ ರಾಜ್ಯದ್ದು ಅನ್ನುವ ಕಾರಣಕ್ಕೆ ಒಬ್ಬನನ್ನು ಒಳಗಿಟ್ಟರೆ, ಅವನು ಮಾಡಿದ ತಪ್ಪು ಅಂದರೆ ದುಡಿಯಲಿಕ್ಕೆ ಹೊರಗೆ ಹೋದದ್ದು, ಅಷ್ಟೇ.

ನಮ್ಮ ತಮ್ಮ ಈಗ ಊರಿನಲ್ಲೇ ಇದ್ದಾನೆ, ಹತ್ತಿ ಬಿಡಿಸಲು ಹೋಗ್ತಾನೆ. ಇದುವರೆಗೆ ಒಂದು ತಾರೀಖನ್ನೂ ತಪ್ಪಿಸಿಲ್ಲ. ಪ್ರತಿ ಸಲ ಹೊರಡುವ ಮುಂಚೆ ಕಾಕಾ ಅದೇ ಕೈಚೀಲ ತೆಗೆದು, ಪಹಣಿ ಇದೆಯಾ ಅಂತ ನೋಡ್ತಾರೆ. ಈಗ ಅದರ ಜೊತೆ ಮರಾಠಿ ಅನುವಾದವೂ ಇದೆ.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಹೀಗೆ ಜಾಮೀನು ಸಿಕ್ಕೂ ಹೊರಗೆ ಬರದವರು ಇದ್ದರೆ, ಈ ಕಂತನ್ನು ಅವರ ಮನೆಯವರಿಗೆ ಕಳಿಸಿ. ನಂಬರ್ ಇನ್ನೊಮ್ಮೆ ಹೇಳ್ತೀನಿ: 15100.